ಎಳೆಯುವ ಕೂಗು

ಶಾಜಲಿ ಸತ್ತನೆಂಬುದು ಅವನ ತಂದೆಗೆ ತಿಳಿದದ್ದು ಬಂದವನ ಮಾತಿನಿಂದಲ್ಲ. ಬಂದವನು ಸಲಾಮು ಹೇಳದೆ ಇದ್ದದ್ದರಿಂದ.

ಆ ಮಧ್ಯಾಹ್ನ ತಂದೆ ತುಹಾಮಿ, ದೋಣಿಯವರ ಬಾಯಲ್ಲಿ ರಯೀಸ್ ಎಂದರೆ ನಾಯಕ, ಹಡಗೆಳೆಯುವ ತನ್ನ ಟಗ್ ದೋಣಿಯ ಚುಕ್ಕಾಣಿ ಹಿಡಿದು, ಸಿಕ್ಕಿಬಿದ್ದ ಹಡಗಿನ ಹಿಂಭಾಗದಲ್ಲಿದ್ದ. ಹಡಗು ಸೂಯೆಜ್ ಕಾಲುವೆಗೆ ಅಡ್ಡಬಿದ್ದು ಆಗಲೇ ಹಲವು ದಿನಗಳಾಗಿದ್ದವು. ಮರಳುಗಾಳಿ ಎದ್ದ ಬೆಳಿಗ್ಗೆ ಅದು ದಾರಿ ತಪ್ಪಿ, ಮೂತಿಯನ್ನು ಪೂರ್ವದ ದಂಡೆಯ ಜೇಡಿಮಣ್ಣಿಗೆ ನುಗ್ಗಿಸಿ, ಬಾಲವನ್ನು ಪಶ್ಚಿಮದ ದಂಡೆಗೆ ಒತ್ತಿ, ಇಕ್ಕಟ್ಟಿನ ಓಣಿಯಲ್ಲಿ ಸಿಕ್ಕಿಕೊಂಡ ಕೋಣದಂತೆ ನಿಂತುಬಿಟ್ಟಿತ್ತು. ಅತ್ತ ಸೂಯೆಜಿನ ಕೊಲ್ಲಿಯಲ್ಲಿ, ಇತ್ತ ನಡುವಿನ ಕೆರೆಗಳಲ್ಲಿ, ಬೇರೆ ಹಡಗುಗಳು ದಾರಿ ಕಾಯುತ್ತ ಲಂಗರು ಹಾಕಿದ್ದವು. ದಂಡೆಯ ಮೇಲೆ ಅಗೆಯುವ ಯಂತ್ರಗಳು ಹಡಗಿನ ಮೂತಿಯ ಸುತ್ತ ಮಣ್ಣು ಕೆರೆಯುತ್ತಿದ್ದವು. ನೀರಿನಲ್ಲಿ ಟಗ್ ದೋಣಿಗಳು ಎಳೆಯುತ್ತಿದ್ದವು.

ತುಹಾಮಿಯ ಇಬ್ಬರು ಮಕ್ಕಳೂ ಮೂತಿಯ ಬಳಿಯ ದೋಣಿಯಲ್ಲಿದ್ದರು. ಹಿರಿಯವನು ಖಲಫ್, ಹಗ್ಗ ಸುತ್ತುವ ರಾಟೆಯ ಹಿಡಿಕೆ ಅವನದು. ಕಿರಿಯವನು ಶಾಜಲಿ, ದೋಣಿಯ ಮೇಲ್ತಟ್ಟಿನಲ್ಲಿ ಹಗ್ಗ ನೋಡಿಕೊಳ್ಳುವವನು. ತಂದೆಗೂ ಮಕ್ಕಳಿಗೂ ನಡುವೆ ಹಡಗಿನ ಉಕ್ಕಿನ ಮೈ ಕೋಟೆಯ ಗೋಡೆಯ ಹಾಗೆ ನಿಂತಿತ್ತು. ಅತ್ತಲಿನದು ಇತ್ತ ಕಾಣುತ್ತಿರಲಿಲ್ಲ. ಕಿವಿಗೆ ಮಾತ್ರ ಬೀಳುತ್ತಿತ್ತು.

ಬಿದ್ದದ್ದು ಮೊದಲು ದಂಡೆಯ ಜನರ ಒಂದು ದೊಡ್ಡ ಕೂಗು. ಅದರ ಬೆನ್ನಿಗೇ ಫಿರಂಗಿ ಹಾರಿದಂತೆ ಒಂದು ಸಿಡಿತ. ಹಡಗಿನ ಮೈ ಗಂಟೆಯಂತೆ ಗುಂಯ್ಗುಟ್ಟಿತು. ಆಮೇಲೆ ಯಂತ್ರಗಳು ಒಂದೊಂದಾಗಿ ನಿಂತವು.

"ಹಗ್ಗ ಹರೀತು," ಎಂದು ತುಹಾಮಿ ತನ್ನಷ್ಟಕ್ಕೆ ಹೇಳಿಕೊಂಡ. ಹಗ್ಗ ಹರಿಯುವುದು ಹೊಸದೇನಲ್ಲ. ಆದರೂ ಅವನು ಬಾಲದ ಸಂದಿಯ ಕಡೆಗೇ ನೋಡುತ್ತಿದ್ದ.

ಸ್ವಲ್ಪ ಹೊತ್ತಿಗೆ ಹಡಗಿನ ಬಾಲದ ಸಂದಿಯಿಂದ ಒಂದು ಸಣ್ಣ ದೋಣಿ ಬಂತು. ಅದರಲ್ಲಿದ್ದವನು ಝಹ್ರಾನ್, ಮಕ್ಕಳ ಜೊತೆ ಅದೇ ಟಗ್ಗಿನಲ್ಲಿ ದುಡಿಯುವವನು. ಝಹ್ರಾನ್ ಬಾಯಿಬಡುಕ, ಬೈಯುವುದಕ್ಕೆ ಬಂದರೂ ಮೊದಲು ಸಲಾಮು ಹೇಳಿ ಆಮೇಲೆ ಬೈಯುವವನು. ಆ ದಿನ ಅವನು ದೋಣಿ ತಾಗಿಸಿದ, ಏಣಿ ಹಿಡಿದ, ಮೇಲೆ ಬಂದ, ಬಾಯಿ ತೆರೆಯಲಿಲ್ಲ. ಅವನ ಅಂಗಿಯ ಮುಂಭಾಗವೆಲ್ಲ ಕೆಂಪಾಗಿತ್ತು. ಅದು ಅವನ ರಕ್ತವಾಗಿರಲಿಲ್ಲ.

ತುಹಾಮಿ ಚುಕ್ಕಾಣಿಯಿಂದ ಕೈ ತೆಗೆಯದೆ ಕೇಳಿದ: "ದೊಡ್ಡವನೋ, ಚಿಕ್ಕವನೋ?"

"ಚಿಕ್ಕವನು, ರಯೀಸ್."

"ಉಸಿರು ಇದೆಯೇನೋ?"

ಝಹ್ರಾನ್ ಇಲ್ಲವೆಂದು ತಲೆಯಾಡಿಸಿದ. "ರಯೀಸ್, ಅವನ ಉಳಿದ ಆಯುಸ್ಸು..." ಎಂದು ಶುರುಮಾಡಿ ಗಕ್ಕನೆ ನಿಲ್ಲಿಸಿದ.

'ಅವನ ಉಳಿದ ಆಯುಸ್ಸು ನಿನಗೆ ಸೇರಲಿ' ಎಂಬುದು ಸಾವಿನ ಮನೆಯವರಿಗೆ ಹೇಳುವ ಮಾತು. ಕಡು ವೈರಿಯೂ ಅದನ್ನು ಅರ್ಧಕ್ಕೆ ಬಿಡುವುದಿಲ್ಲ.

"ಯಾಕೋ ನುಂಗಿದೆ? ಪೂರ್ತಿ ಹೇಳೋ."

"ಖಲಫ್ ಬೇಡ ಅಂದಿದಾನೆ. ನಮ್ಮನೇಲಿ ಸಂತಾಪ ಇಲ್ಲ, ಹೇಳಿದೋನ ನಾಲಿಗೆ ಕೀಳ್ತೀನಿ ಅಂತ ಕೂಗಾಡ್ತಿದಾನೆ. ನೀನು ಬೇಗ ಬಾ. ಇನ್ನೊಂದು ಹೆಣ ಬೀಳತ್ತೆ ಅಲ್ಲಿ."

ತುಹಾಮಿಗೆ ಆಗ ಅರ್ಥವಾಯಿತು. ಅವನ ಅಜ್ಜ ನೈಲಿನ ಮೇಲ್ಸೀಮೆಯಿಂದ ಕಾಲುವೆಯ ಕೆಲಸಕ್ಕೆ ಬಂದವನು. ಬಂದು ಎಷ್ಟು ತಲೆಮಾರಾದರೂ ಆ ಸೀಮೆಯ ಕಟ್ಟಳೆ ಬಿಟ್ಟಿರಲಿಲ್ಲ. ಒಬ್ಬನು ಇನ್ನೊಬ್ಬನ ಕೈಯಿಂದ ಸತ್ತರೆ ಸತ್ತವನ ಮನೆ ಸಂತಾಪ ಸ್ವೀಕರಿಸುವುದಿಲ್ಲ. ಚಪ್ಪರ ಹಾಕುವುದಿಲ್ಲ, ಬಂದವರಿಗೆ ಸಕ್ಕರೆಯಿಲ್ಲದ ಕಾಫಿ ಕೊಡುವುದಿಲ್ಲ, ಹೆಂಗಸರು ದನಿಯೆತ್ತಿ ಅಳುವುದಿಲ್ಲ. ಬಾಗಿಲು ಮುಚ್ಚಿ ಕಾಯುತ್ತಾರೆ. ಕೊಂದವನ ರಕ್ತ ನೆಲಕ್ಕೆ ಬಿದ್ದ ದಿನ ಬಾಗಿಲು ತೆಗೆದು ಅಳುತ್ತಾರೆ.

"ಯಾರ ಕೈ ಅಂತಾನೆ?" ಎಂದು ಕೇಳಿದ.

"ದಂಡೇಲಿ ಮಣ್ಣು ಅಗೀತಾನಲ್ಲ, ಆ ಬಖೀತಂದು," ಎಂದ ಝಹ್ರಾನ್, ಅವನ ಕಣ್ಣು ತಪ್ಪಿಸಿ.

ಮೂತಿಯ ಬಳಿಗೆ ಹೋಗುವಾಗ ದೋಣಿಯಲ್ಲಿ ಝಹ್ರಾನ್ ನಡೆದದ್ದನ್ನು ಹೇಳಿದ. ಬಿಗಿದ ಹಗ್ಗ ಉರುಳೆಯ ಅಂಚಿಗೆ ಜಾರಿ ಸವೆಯುತ್ತಿತ್ತು. ಅದನ್ನು ಸರಿಯಾಗಿ ಕೂರಿಸಲೆಂದು ಆ ದೋಣಿಯ ರಯೀಸ್ "ಸಡಿಲ!" ಎಂದು ಕೂಗಿದ. ಶಾಜಲಿ ಹಾರೆ ಹಿಡಿದು ಹಗ್ಗದ ಆಚೆಗೆ ದಾಟಿದ. ಅದೇ ಗಳಿಗೆಯಲ್ಲಿ ದಂಡೆಯ ಮೇಲೆ ಬಖೀತನ ಯಂತ್ರದ ಬಾಯಿಗೆ ಒಂದು ಮನೆಯಷ್ಟು ಮಣ್ಣು ಕಳಚಿ ಬಂತು. ಬಖೀತನಿಗೆ ಸಂತೋಷ ತಡೆಯಲಿಲ್ಲ, ಯಂತ್ರದ ಮೇಲೆದ್ದು ನಿಂತು "ಹೇಲಾ ಹೋಬ್!" ಎಂದು ಕೂಗಿದ. ದಂಡೆಯಲ್ಲಿದ್ದ ಅಷ್ಟೂ ಜನ ಆ ಕೂಗನ್ನು ಎತ್ತಿಕೊಂಡರು.

ಹೇಲಾ ಹೋಬ್ ಎಂದರೆ ಎಳೆಯುವ ಕೂಗು. ಕಲ್ಲು ಎಳೆಯುವವರು, ಬಲೆ ಎಳೆಯುವವರು, ದೋಣಿಗೆ ಹಗ್ಗ ಕಟ್ಟಿ ದಡದಲ್ಲಿ ನಡೆಯುವವರು, ಎಲ್ಲರೂ ಅದನ್ನು ಕೂಗಿಯೇ ಮೈ ಬಾಗಿಸುವುದು. ಬೇರೆ ನಾಡಿನವನಿಗೆ ಅದು ಬರೀ ಗದ್ದಲ. ಆ ಜನರ ಮಗನಿಗೆ ಅದು ಕಿವಿಗೆ ಬಿದ್ದರೆ ಬುದ್ಧಿಗಿಂತ ಮೊದಲು ತೋಳು ಎಳೆದುಬಿಡುತ್ತದೆ.

"ರಾಟೆ ಎಳೀತು," ಎಂದ ಝಹ್ರಾನ್. "ಹಗ್ಗ ಸವೆದಿತ್ತು. ಹರೀತು."

ರಾಟೆ ಎಳೆಯಿತು ಎಂದನೇ ಹೊರತು ಯಾರು ಎಳೆದರೆಂದು ಹೇಳಲಿಲ್ಲ. ತುಹಾಮಿಯೂ ಕೇಳಲಿಲ್ಲ. ರಾಟೆಯ ಹಿಡಿಕೆ ಯಾರ ಕೈಯಲ್ಲಿತ್ತೆಂಬುದು ಇಬ್ಬರಿಗೂ ಗೊತ್ತಿತ್ತು.

ಶಾಜಲಿಯನ್ನು ಟಗ್ಗಿನ ಮೇಲ್ತಟ್ಟಿನಲ್ಲಿ ಒಂದು ತಾಡಪಾಲಿನ ಮೇಲೆ ಮಲಗಿಸಿದ್ದರು. ಮನುಷ್ಯನ ತೊಡೆಯಷ್ಟು ದಪ್ಪದ ಹಗ್ಗ ಹರಿದು ಹಿಂದಕ್ಕೆ ಹೊಡೆದಾಗ ಕಬ್ಬಿಣದ ಕಂಬವೇ ಬಾಗುತ್ತದೆ. ಮಗನ ಎದೆ ಒಳಕ್ಕೆ ಕುಸಿದಿತ್ತು. ಒಂದು ತೋಳು ಭುಜದಲ್ಲಿ ಬರೀ ಚರ್ಮದಿಂದ ನಿಂತಿತ್ತು. ಮುಖಕ್ಕೆ ಏನೂ ಆಗಿರಲಿಲ್ಲ. ಬಾಯಿ ಸ್ವಲ್ಪ ತೆರೆದು ಏನೋ ಕೇಳುವವನ ಹಾಗಿದ್ದ. ತುಹಾಮಿ ಅವನ ಕಣ್ಣು ಮುಚ್ಚಿದ, ಗಲ್ಲಕ್ಕೆ ತನ್ನ ತಲೆಯ ಬಟ್ಟೆ ಕಟ್ಟಿದ, "ನಾವು ದೇವರವರು, ಅವನ ಕಡೆಗೇ ಹೋಗುವವರು" ಎಂದ. ಅಷ್ಟಕ್ಕೆ ದಂಡೆಯಿಂದ ಬೊಬ್ಬೆ ಕೇಳಿಸಿತು.

ಖಲಫ್ ನೀರಿಗೆ ಹಾರಿ ಈಜಿ ದಂಡೆ ಹತ್ತಿದ್ದ. ಬಖೀತನನ್ನು ಯಂತ್ರದಿಂದ ಕಾಲು ಹಿಡಿದು ಕೆಳಗೆಳೆದು, ಕೈಗೆ ಸಿಕ್ಕ ಕಬ್ಬಿಣದ ಕೊಂಡಿಯಿಂದ ಬಾಯಿಗೆ ಹೊಡೆದಿದ್ದ. ತುಹಾಮಿ ಹೋಗುವ ಹೊತ್ತಿಗೆ ಬಖೀತ್ ಮೊಣಕಾಲೂರಿ ಹಲ್ಲು ಉಗುಳುತ್ತಿದ್ದ. ಅವನ ಒಂದು ಕಿವಿ ಹರಿದು ಜೋತುಬಿದ್ದಿತ್ತು. ಖಲಫನನ್ನು ಜನ ಗುಂಪಾಗಿ ಹಿಡಿದಿದ್ದರು. ಹಿಡಿದವರನ್ನೂ ಅವನು ಕಚ್ಚುತ್ತಿದ್ದ.

"ಕೂಗ್ತೀಯೇನೋ ನಾಯೀ! ಮದುವೆ ಮನೇಲಿ ಕೂಗಿದ ಹಾಗೆ ಕೂಗ್ತೀಯಾ? ಕೂಗೋ ಈಗ!"

"ನನಗೆ ಗೊತ್ತಿರ್ಲಿಲ್ಲ ಅಣ್ಣಾ," ಎನ್ನುತ್ತಿದ್ದ ಬಖೀತ್, ರಕ್ತದ ನಡುವೆ. "ದೇವರಾಣೆ, ಮಣ್ಣು ಬಂತು ಅಂತ ಕೂಗಿದೆ."

ಈ ಬಖೀತ್ ಹಾಸ್ಯಗಾರ. ಕೆಲಸ ಶುರುವಾದಂದಿನಿಂದ "ಹಡಗೇನ್ರಪ್ಪ ಇದು, ನಮ್ಮತ್ತೆ! ಬಂದು ಕೂತ್ರೆ ಏಳೋದೇ ಇಲ್ಲ" ಎಂದು ಎಲ್ಲರನ್ನೂ ನಗಿಸುತ್ತಿದ್ದವನು. ಶಾಜಲಿಯೂ ದೋಣಿಯಿಂದ ಅವನಿಗೆ ಉತ್ತರ ಕೊಟ್ಟು ನಗುತ್ತಿದ್ದ. ಬಖೀತನೂ ಮೇಲ್ಸೀಮೆಯವನೇ. ಆಚೆ ಹಳ್ಳಿಯಲ್ಲಿ ಅವನಿಗೂ ಅಣ್ಣತಮ್ಮಂದಿರಿದ್ದರು. ಅವರ ಮನೆಯಲ್ಲೂ ಬಾಗಿಲು ಮುಚ್ಚುವುದು ಗೊತ್ತಿತ್ತು. ಖಲಫ್ ಇವನನ್ನು ಕೊಂದರೆ ಅವರು ಖಲಫನನ್ನು ಕೊಲ್ಲುತ್ತಾರೆ. ತುಹಾಮಿಗೆ ಅದು ಎದುರಿಗೆ ನಿಂತ ಹಡಗಿನಷ್ಟೇ ಸ್ಪಷ್ಟವಾಗಿ ಕಂಡಿತು.

ಹೆಣವನ್ನು ಅಂದೇ ಸೂರ್ಯ ಮುಳುಗುವ ಮೊದಲು ಮಣ್ಣುಮಾಡಿದರು. ನಮಾಜು ಮುಗಿದ ಮೇಲೆ ಜನ ಸಾಲಾಗಿ ಬಂದು ತಂದೆಯ ಕೈಹಿಡಿಯಬೇಕು. ಖಲಫ್ ಸ್ಮಶಾನದ ಬಾಗಿಲಿಗೆ ಅಡ್ಡನಿಂತು, "ಮನೆಗೆ ಹೋಗಿ. ಇಲ್ಲಿ ಕೈ ಕೊಡೋ ಹಾಗಿಲ್ಲ," ಎಂದ. ಜನ ತಲೆತಗ್ಗಿಸಿ ಚದುರಿದರು. ತುಹಾಮಿಯ ಬಲಗೈ ಸ್ವಲ್ಪ ಮುಂದೆ ಬಂದದ್ದು ಹಾಗೆಯೇ ಬರಿದಾಗಿ ಉಳಿಯಿತು.

ಮರುದಿನ ಬೆಳಿಗ್ಗೆ ತುಹಾಮಿಯ ಹೆಂಡತಿ ಬಹಾನ ಅವರೆಯಂಥ ದಪ್ಪ ಕಾಳು ಬೇಯಿಸಿ, ರೊಟ್ಟಿಯ ಜೊತೆ ಗಂಡನ ಮುಂದಿಟ್ಟಳು. ಅವಳ ಕಣ್ಣು ಒಣಗಿತ್ತು. ಅಳಬಾರದೆಂದು ತುಟಿ ಕಚ್ಚಿ ಕಚ್ಚಿ ತುಟಿ ಒಡೆದಿತ್ತು.

"ಖಲಫ್ ಎಲ್ಲಿ?" ಎಂದ ತುಹಾಮಿ.

"ಹೋದ."

"ಎಲ್ಲಿಗೆ?"

"ಗಂಡಸು ಹೋಗೋ ಕಡೆಗೆ. ನಿಮ್ಮಪ್ಪನ ಚೂರಿ ತಗೊಂಡು ಹೋದ. ನಾನೇ ತೆಗೆದುಕೊಟ್ಟೆ."

"ಬಹಾನಾ!"

"ಏನು ಬಹಾನಾ? ನೀನು ನೀರಲ್ಲಿ ನೆನೆದು ನೆನೆದು ಮೆತ್ತಗಾಗಿದೀಯ. ಅವನು ನನ್ನ ಹಾಲು ಕುಡಿದೋನು. ತಮ್ಮನ ಎದೆ ಒಡೆದೋನು ಯಂತ್ರ ಓಡಿಸ್ಕೊಂಡು ಉಸಿರಾಡ್ತಾ ಇದಾನಲ್ಲ, ನಿನಗೆ ಈ ರೊಟ್ಟಿ ಇಳಿಯತ್ತಾ?"

ರೊಟ್ಟಿ ಇಳಿಯಲಿಲ್ಲ. ತುಹಾಮಿ ಅವಳ ಮುಖವನ್ನೇ ನೋಡಿದ. ರಾಟೆಯ ಹಿಡಿಕೆ ಯಾರ ಕೈಯಲ್ಲಿತ್ತು ಎಂಬ ಒಂದು ಮಾತು ಗಂಟಲವರೆಗೆ ಬಂತು. ಹೇಳಿದರೆ ಇವಳು ಚೂರಿ ಕೊಟ್ಟದ್ದಕ್ಕೆ ಎದೆ ಹೊಡೆದುಕೊಂಡು ಸಾಯುತ್ತಾಳೆ. ಸತ್ತ ಮಗನ ಜೊತೆ ಬದುಕಿದ ಮಗನೂ ಅವಳಿಗೆ ಹೋದಂತೆಯೇ. ಅವನು ಎದ್ದ. ಜಲಾಬಿಯ ನಿಲುವಂಗಿಯ ಮೇಲೆ ಹಳೆಯ ಕೋಟು ಹಾಕಿಕೊಂಡು, ದೋಣಿಯ ಕೊಕ್ಕೆಗೋಲು ತೆಗೆದುಕೊಂಡು ಹೊರಟ.

"ಕೋಲು ಯಾಕೆ?" ಎಂದಳು ಬಹಾನ ಹಿಂದಿನಿಂದ.

ಅವನು ಆಗಲೇ ಓಣಿಗೆ ಇಳಿದಿದ್ದ.

ಅಂದು ಹುಣ್ಣಿಮೆಯ ಉಬ್ಬರ. ನೀರು ಯಾವತ್ತೂ ಇಲ್ಲದಷ್ಟು ಮೇಲೇರಿತ್ತು. ಎಲ್ಲ ಟಗ್ಗುಗಳೂ ಒಟ್ಟಿಗೆ ಎಳೆಯಲು ನಿಂತಿದ್ದವು. ದಂಡೆಯಲ್ಲಿ ಯಂತ್ರಗಳನ್ನು ಹಿಂದಕ್ಕೆ ತೆಗೆಯಿರೆಂದು ಅಧಿಕಾರಿಗಳು ಧ್ವನಿವರ್ಧಕದಲ್ಲಿ ಕೂಗುತ್ತಿದ್ದರು. ತುಹಾಮಿಯನ್ನು ಕಂಡ ಒಬ್ಬ ಅಧಿಕಾರಿ, "ಹಾಜಿ, ನೀವು ಮನೆಗೆ ಹೋಗಿ, ನಿಮ್ಮ ದೋಣಿಗೆ ಬೇರೆಯವರನ್ನ ಹಾಕಿದೀವಿ," ಎಂದ. ತುಹಾಮಿ ಕಿವಿಗೆ ಹಾಕಿಕೊಳ್ಳದೆ ಮೂತಿಯ ಕಡೆಗೆ ನಡೆದ. ಎಲ್ಲ ಯಂತ್ರಗಳೂ ಹಿಂದೆ ಬಂದಿದ್ದವು, ಒಂದು ಮಾತ್ರ ಹಡಗಿನ ಗದ್ದದ ಕೆಳಗೇ ಅಗೆಯುತ್ತಿತ್ತು. ಕಿವಿಗೆ ಬಟ್ಟೆ ಸುತ್ತಿಕೊಂಡ ಬಖೀತ್ ಅದರ ಮೇಲಿದ್ದ. ನಿನ್ನೆಯ ಕೂಗಿನ ಪಾಪವನ್ನು ಅಗೆದೇ ತೀರಿಸುತ್ತೇನೆ ಎನ್ನುವವನಂತೆ ಅಗೆಯುತ್ತಿದ್ದ.

ಟಗ್ಗುಗಳು ಎಳೆದವು. ಹಗ್ಗಗಳು ನೀರಿನಿಂದ ಎದ್ದು, ಹಿಂಡಿದಂತೆ ಹನಿಗಳನ್ನು ಸಿಡಿಸಿ, ಕೊಯ್ಯುವ ದನಿಯಲ್ಲಿ ಹಾಡತೊಡಗಿದವು. ಹಡಗಿನ ಹೊಟ್ಟೆಯ ಒಳಗಿನಿಂದ ನರಳಿಕೆ ಬಂತು. ಮೊದಲು ಬಾಲ ಸರಿಯಿತು. ಅಲ್ಲಿದ್ದ ಜನ ದೇವರ ಹೆಸರು ಹೇಳಿ ಕೂಗಿದರು. ಆಮೇಲೆ ಮೂತಿ ಅಲುಗಿತು. ಜೇಡಿಯೊಳಗೆ ಹೂತಿದ್ದ ಉಕ್ಕು, ಹಲ್ಲು ಕಿತ್ತಂತೆ, ಬಂಡೆಗಳನ್ನು ಪುಡಿಮಾಡುತ್ತ ಹೊರಗೆ ಬಂತು. ಅದು ಬಿಟ್ಟ ಗುಳಿಗೆ ಕಾಲುವೆಯ ನೀರು ಭೋರೆಂದು ನುಗ್ಗಿತು. ದಂಡೆ ಸೀಳಿತು. ಬಖೀತನ ಯಂತ್ರ ನಿಂತ ನೆಲ ಅಡಿಯಿಂದ ಜಾರಿ, ಯಂತ್ರ ಮಗುಚಿ, ಕಬ್ಬಿಣದ ತೋಳನ್ನು ಮೇಲೆತ್ತಿ ನೀರಿಗೆ ಇಳಿಯಿತು. ಬಖೀತ್ ಹಾರಿದ. ಕೆಸರಿನಲ್ಲಿ ಎದೆಯವರೆಗೆ ಹೂತುಹೋದ.

ಆ ಕ್ಷಣಕ್ಕೇ ಕಾದಿದ್ದವನಂತೆ ಖಲಫ್ ಮೇಲಿನ ದಿಬ್ಬದಿಂದ ಇಳಿದ. ಜಾರಿ, ಬಿದ್ದು, ಉರುಳಿ ಬಂದು ಬಖೀತನ ಕೂದಲು ಹಿಡಿದ. ಬಖೀತ್ ಒಂದು ಕೈಯಿಂದ ಚೂರಿಯನ್ನೇ ಹಿಡಿದುಕೊಂಡ. ಬೆರಳುಗಳ ಸಂದಿಯಿಂದ ರಕ್ತ ಸುರಿಯಿತು. ಅಲೆ ಬಂದು ಇಬ್ಬರನ್ನೂ ಮುಳುಗಿಸಿತು. ಮತ್ತೆ ತಲೆಗಳು ಮೇಲೆ ಬಂದಾಗ ಚೂರಿ ಬಖೀತನ ಭುಜದಲ್ಲಿ ನೆಟ್ಟಿತ್ತು. ಖಲಫ್ ಅದನ್ನು ಕಿತ್ತು ಕೊರಳಿಗೆ ಎತ್ತಿದ.

ಅಷ್ಟರಲ್ಲಿ ತುಹಾಮಿಯೂ ದಂಡೆಯಿಂದ ಇಳಿದು, ಸೊಂಟದವರೆಗಿನ ಕೆಸರಿನಲ್ಲಿ ಅವರ ಪಕ್ಕದಲ್ಲೇ ನಿಂತಿದ್ದ. ಅವನು ಮಗನ ಹೆಸರು ಕೂಗಲಿಲ್ಲ. ಕೂಗಿದರೆ ಕೇಳುವ ಕಿವಿ ಅದಲ್ಲವೆಂದು ಅವನಿಗೆ ಗೊತ್ತಿತ್ತು. ಎರಡು ಕೈಯಿಂದಲೂ ಕೊಕ್ಕೆಗೋಲನ್ನು ಎತ್ತಿ, "ಬಿಸ್ಮಿಲ್ಲಾ" ಎಂದು, ಮೈಯ ಬಲವನ್ನೆಲ್ಲ ಹಾಕಿ ಮಗನ ಮುಂಗೈಗೆ ಹೊಡೆದ. ಒಣಕಟ್ಟಿಗೆ ಮುರಿದಂತೆ ಲಟಕ್ಕೆಂದಿತು. ಚೂರಿ ನೀರಿಗೆ ಬಿತ್ತು. ಖಲಫ್ ಎಡಗೈಯಿಂದ ಅದನ್ನು ಹುಡುಕಲು ಬಾಗಿದ. ತುಹಾಮಿ ಇನ್ನೊಮ್ಮೆ ಹೊಡೆದ, ಈ ಸಲ ಬೆನ್ನಿಗೆ. ಮಗ ಕೆಸರಿನಲ್ಲಿ ಮುಖವಡಿಯಾಗಿ ಬಿದ್ದ. ತಂದೆ ಅವನ ಕೊರಳಪಟ್ಟಿ ಹಿಡಿದು ಮೇಲೆತ್ತಿದ.

"ಹೊಡೀ ಅಪ್ಪಾ! ನನ್ನನ್ನೇ ಹೊಡೀ! ಅವನನ್ನ ಉಳಿಸ್ಕೋ!"

"ಬಾಯಿ ಮುಚ್ಚೋ," ಎಂದ ತುಹಾಮಿ. ಉಸಿರು ಸಿಕ್ಕದೆ ತಡೆದು ತಡೆದು ಮಾತಾಡಿದ. "ಕೂಗಿದ್ದು ಇವನು. ಎಳೆದದ್ದು ಯಾರ ಕೈ?"

ಖಲಫ್ ತಂದೆಯನ್ನು ನೋಡಿದ. ಅವನ ಮುಖದ ಕೆಸರಿನಲ್ಲಿ ಕಣ್ಣುಗಳು ಮಾತ್ರ ಬೆಳ್ಳಗಿದ್ದವು.

"ಗೊತ್ತು," ಎಂದ. "ನಂಗೆ ಗೊತ್ತಿಲ್ಲ ಅನ್ಕೊಂಡ್ಯಾ? ಗೊತ್ತಿದ್ದಕ್ಕೇ ಅಪ್ಪಾ. ಇವನು ಸತ್ರೆ ಕೊಂದೋನು ಇವನು ಅಂತ ಆಗತ್ತೆ. ಇವನು ಬದುಕಿದ್ರೆ..." ಅವನು ಮುರಿದ ಕೈಯನ್ನು ಎತ್ತಿ ತೋರಿಸಿದ. ಅದು ಮುಂಗೈಯ ಬಳಿ ಜೋತುಬಿದ್ದಿತ್ತು. "ಇವನು ಬದುಕಿದ್ರೆ ಇದು ನನ್ನ ಹತ್ರಾನೇ ಇರತ್ತಲ್ಲ."

ಹಿಂದೆ ಹಡಗು ನಿಧಾನವಾಗಿ ನೇರವಾಗುತ್ತಿತ್ತು. ದೂರದ ಕೆರೆಗಳಲ್ಲಿ ನಿಂತ ಹಡಗುಗಳು ಒಂದಾದ ಮೇಲೊಂದು ಕೊಂಬು ಊದಿದವು. ದಂಡೆಯ ಮೇಲೆ ಜನ ಕುಣಿಯುತ್ತಿದ್ದರು, ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. ಈ ಮೂವರು ಕೆಸರಿನಲ್ಲಿದ್ದದ್ದು ಯಾರಿಗೂ ಕಾಣಲಿಲ್ಲ.

ತುಹಾಮಿ ಮಗನನ್ನು ಬಿಡದೆ ಬಖೀತನ ಕಡೆಗೆ ತಿರುಗಿದ. ಬಖೀತ್ ಒಂದು ಕೈಯಿಂದ ಭುಜ ಒತ್ತಿಕೊಂಡು ಕೆಸರಿನಿಂದ ಮೇಲೇಳಲು ಒದ್ದಾಡುತ್ತಿದ್ದ.

"ಹೇಳೋ," ಎಂದ ತುಹಾಮಿ.

"ಏನು ಹೇಳ್ಲಿ ಚಿಕ್ಕಪ್ಪಾ?"

"ಸಾವಿನ ಮನೆಯೋರಿಗೆ ಏನು ಹೇಳ್ತಾರೋ ಅದು. ನಿಮ್ಮಮ್ಮ ಕಲಿಸಿಲ್ವೇನೋ?"

ಬಖೀತ್ ಖಲಫನನ್ನು ನೋಡಿದ, ತಂದೆಯನ್ನು ನೋಡಿದ. ಹಲ್ಲಿಲ್ಲದ ಬಾಯಲ್ಲಿ ಮಾತು ತೊದಲಿತು: "ಅವನ ಉಳಿದ ಆಯುಸ್ಸು ನಿಮಗೆ ಸೇರಲಿ, ರಯೀಸ್."

ಕಟ್ಟಳೆ ತಿಳಿದವರಿಗೆ ಗೊತ್ತು: ಈ ಮಾತಿಗೆ ಉತ್ತರ ಕೊಟ್ಟರೆ ರಕ್ತದ ಹಕ್ಕು ಅಲ್ಲಿಗೆ ಮುಗಿಯಿತು. ಮತ್ತೆ ಕೇಳುವ ಹಾಗಿಲ್ಲ. ಮಗನೂ ಇಲ್ಲ, ಮೊಮ್ಮಗನೂ ಇಲ್ಲ. ತುಹಾಮಿಯ ಕಣ್ಣ ಮುಂದೆ ತಾಡಪಾಲಿನ ಮೇಲೆ ಮಲಗಿದ್ದ ಶಾಜಲಿಯ ತೆರೆದ ಬಾಯಿ ಬಂತು. ಅವನಿಗೂ ಒಂದು ಗಳಿಗೆ ಆ ಕೊಕ್ಕೆಗೋಲನ್ನು ಎತ್ತಿ ಈ ಹಲ್ಲಿಲ್ಲದ ಬಾಯಿಗೆ ಇಳಿಸಬೇಕೆನಿಸಿತು. ಅದನ್ನು ದೇವರು ಬಲ್ಲ. ಅವನು ಕೋಲನ್ನು ಕೆಸರಿಗೆ ಚುಚ್ಚಿ ಅದರ ಮೇಲೆ ಭಾರ ಹಾಕಿದ.

"ನಿನ್ನ ಆಯುಸ್ಸೂ ಉಳಿಯಲಿ," ಎಂದ.

ಆಗ ಖಲಫ್ ತಂದೆಯ ಒದ್ದೆ ಕೋಟಿನಲ್ಲಿ ಮುಖವಿಟ್ಟು, ಗಾಯಗೊಂಡ ಒಂಟೆಯ ಹಾಗೆ ಅರಚಿದ. ತಮ್ಮ ಸತ್ತ ಮೇಲೆ ಆ ಮನೆಯವರಲ್ಲಿ ಅತ್ತವನು ಅವನೇ ಮೊದಲಿಗ.

ಮನೆಯ ಬಾಗಿಲಲ್ಲಿ ಬಹಾನ ನಿಂತಿದ್ದಳು. ಮಗನ ಮೈಮೇಲಿನ ರಕ್ತ ನೋಡಿ ಅವಳ ಕಣ್ಣು ಮಿಂಚಿತು. ಆಮೇಲೆ ಜೋತುಬಿದ್ದ ಕೈ ಕಂಡಿತು.

"ಯಾರು ಮುರಿದದ್ದು?"

"ನಾನು," ಎಂದ ತುಹಾಮಿ.

ಬಯ್ಯುತ್ತಾಳೆಂದು ಅವನು ಕಾದ. ಅವಳು ಮಗನ ಹತ್ತಿರ ಬಂದು ಆ ಕೈಯನ್ನು ಎರಡೂ ಅಂಗೈಗಳಲ್ಲಿ, ಹೊಸದಾಗಿ ಹುಟ್ಟಿದ ಕೂಸನ್ನು ಎತ್ತಿಕೊಂಡಂತೆ, ಎತ್ತಿಕೊಂಡಳು.

"ನಿನ್ನೆಯಿಂದ ಈ ಕೈನ ಬೆನ್ನ ಹಿಂದೆ ಇಟ್ಕೊಂಡಿದ್ದ," ಎಂದಳು. "ಮಣ್ಣು ಹಾಕೋವಾಗ್ಲೂ ಎಡಗೈಲೇ ಹಾಕ್ದ ಅಂತ ಹೇಳಿದ್ರು. ಹೆತ್ತೋಳಿಗೆ ಗೊತ್ತಾಗಲ್ವಾ? ಬೇರೆ ಯಾರಿಗೂ ಗೊತ್ತಾಗಬಾರದು ಅಂತಲೇ ಚೂರಿ ಕೊಟ್ಟೆ ನಾನು. ಅಯ್ಯೋ ದೇವರೇ, ನಾನೇ ಕೊಟ್ಟೆ."

ಹಾಗೆಂದು ಅವಳು ಬಾಗಿಲ ಎರಡೂ ಕದಗಳನ್ನು ಗೋಡೆಗೆ ಬಡಿಯುವಂತೆ ತೆಗೆದು, ಹೊಸ್ತಿಲಲ್ಲಿ ಕುಳಿತು ದನಿಯೆತ್ತಿ ಅತ್ತಳು. ಅವಳ ಅಳು ಓಣಿಯ ಕೊನೆಯವರೆಗೂ ಕೇಳಿಸಿತು. ನೆರೆಮನೆಯ ಹೆಂಗಸರು ಕಪ್ಪು ಬಟ್ಟೆ ಉಟ್ಟು ಓಡಿಬಂದರು. ಗಂಡಸರು ಬೆಂಚು ತಂದರು. ಯಾರೋ ಒಲೆಯ ಮೇಲೆ ಕಾಫಿಯ ಪಾತ್ರೆ ಇಟ್ಟರು. ಝಹ್ರಾನ್ ಎಲ್ಲರಿಗಿಂತ ಮೊದಲು ಬಂದು, ಸಲಾಮು ಹೇಳಿ, ನುಂಗಿದ್ದ ಮಾತನ್ನು ಪೂರ್ತಿಯಾಗಿ ಹೇಳಿದ. ಒಳಗೆ ಮೂಳೆ ಕೂರಿಸುವವನು ಖಲಫನ ಕೈಗೆ ದಬ್ಬೆ ಕಟ್ಟುತ್ತಿದ್ದ. ಹೊರಗೆ ಬರುವವರ ಸಾಲು ಮುಗಿಯಲಿಲ್ಲ.

ಸಂಜೆಯ ನಮಾಜಿಗೆ ಮುಂಚೆ ತುಹಾಮಿ ಒಬ್ಬನೇ ಸ್ಮಶಾನಕ್ಕೆ ಹೋದ. ಅಲ್ಲಿಂದ ಕಾಲುವೆ ಕಾಣುತ್ತದೆ. ಹಡಗುಗಳು ಒಂದರ ಹಿಂದೊಂದು ಮರಳಿನ ನಡುವೆ ನಡೆದು ಹೋಗುತ್ತಿದ್ದವು. ಹಸಿ ಮಣ್ಣಿನ ತಲೆಭಾಗದಲ್ಲಿ ಅವನು ಕುಳಿತ. ನೀರು ತಂದಿದ್ದ, ಚಿಮುಕಿಸಿದ. ಎರಡು ಅಂಗೈಗಳನ್ನೂ ಮುಖದೆದುರು ತೆರೆದ.

"ಕರುಣಾಳುವೇ, ಇವನು ಶಾಜಲಿ, ನನ್ನ ಚಿಕ್ಕ ಮಗ. ನೀನು ಕೊಟ್ಟವನು, ನೀನು ಕರೆಸಿಕೊಂಡವನು. ಇವನು ಮಾಡಿದ ತಪ್ಪುಗಳು ಹುಡುಗತನದವು. ಅವನ್ನು ಬರೆದಿಟ್ಟಿದ್ದರೆ ಅಳಿಸಿಬಿಡು. ಮುರಿದ ಎದೆಯನ್ನು ನಿನ್ನ ಕೈಯಿಂದ ಸರಿಮಾಡು. ಇಕ್ಕಟ್ಟಾದ ಈ ಗುಳಿಯನ್ನು ಅವನಿಗೆ ವಿಶಾಲ ಮಾಡು, ಕತ್ತಲೆಯಲ್ಲಿ ಅವನಿಗೆ ಬೆಳಕು ಕೊಡು. ದೂತರು ಬಂದು ಪ್ರಶ್ನೆ ಕೇಳುವಾಗ ಅವನ ನಾಲಿಗೆ ತಡವರಿಸದಂತೆ ನೋಡಿಕೋ. ಅವನಿಗೆ ನಗುವುದು ಬರುತ್ತಿತ್ತು, ಮಾತು ಅಷ್ಟು ಬರುತ್ತಿರಲಿಲ್ಲ. ಅವನ ಅಣ್ಣನನ್ನು ಅವನ ಮನಸ್ಸು ಕ್ಷಮಿಸಲಿ. ಅವನಿಗೆ ಶಾಂತಿ ಕೊಡು, ದೇವರೇ. ನಾವು ಬರುವ ತನಕ ಅವನು ನಿನ್ನ ನೆರಳಿನಲ್ಲಿ ನೆಮ್ಮದಿಯಾಗಿ ಮಲಗಿರಲಿ. ಆಮೀನ್."